ಎಷ್ಟು ನೋವು ಎಂದು ಕೇಳಿದಾಗ

(ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ನಮ್ಮೂರ ವಾಚನಾಲಯದಲ್ಲಿ ಹಿರಿಯರಿಗಾಗಿ ನಡೆದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ರಸ್ತೆಯಿಂದ ಈ ವಾಚನಾಲಯದ ಬಾಗಿಲಿಗೆ ಹನ್ನೊಂದು ಮೆಟ್ಟಿಲುಗಳಿವೆ. ಎರಡು ವರ್ಷಗಳ ಹಿಂದೆ ವಾರ್ಷಿಕೋತ್ಸವಕ್ಕೆಂದು ಬಂದವಳು ಆ ಮೆಟ್ಟಿಲುಗಳನ್ನು ನೋಡಿ ರಿಕ್ಷಾದಿಂದ ಇಳಿಯಲೇ ಇಲ್ಲ. ಕೆಳಗೆ ಕುಳಿತು ಧ್ವನಿವರ್ಧಕದಲ್ಲಿ ಮಕ್ಕಳ ಹಾಡು ಕೇಳಿಸಿಕೊಂಡು ಮನೆಗೆ ಮರಳಿದೆ. ಯಾರಾದರೂ ಕೇಳಿದರೆ ಇರಲಿ ಎಂದು ತಲೆನೋವಿನ ನೆಪವನ್ನೂ ಸಿದ್ಧಮಾಡಿಕೊಂಡಿದ್ದೆ. ಇಂದು ಕೈಕಂಬಿ ಹಿಡಿದು ಹತ್ತಿ ಬಂದಿದ್ದೇನೆ.

ಎರಡೂ ಮಂಡಿಗಳ ಬದಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅನುಭವವನ್ನು ಹೇಳಬೇಕೆಂದು ನನ್ನನ್ನು ಕರೆದಿದ್ದಾರೆ. ನಾನು ವೈದ್ಯೆಯಲ್ಲ. 31 ವರ್ಷ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದವಳು. ಯಾವ ಆಸ್ಪತ್ರೆ ಒಳ್ಳೆಯದು, ಯಾರ ಕೈಗುಣ ಒಳ್ಳೆಯದು ಎಂಬ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿಲ್ಲ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಳೆದ ಎಂಟು ದಿನಗಳ ಬಗ್ಗೆ ಮಾತ್ರ ಹೇಳಬಲ್ಲೆ. ಅದರಲ್ಲೂ ಒಂದು ರಾತ್ರಿಯ ಬಗ್ಗೆ ಹೇಳಲೇಬೇಕು. ಆ ರಾತ್ರಿ ನಾನೊಂದು ಸುಳ್ಳು ಹೇಳಿದೆ.

ಅಲ್ಲಿಗೆ ಬರುವ ಮೊದಲು ಮಂಡಿಯೊಳಗೆ ಏನು ಮಾಡುತ್ತಾರೆ ಎಂಬುದನ್ನು ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮಲ್ಲಿ "ಚಿಪ್ಪು ಬದಲಾಯಿಸಿದರು" ಎನ್ನುತ್ತೇವೆ. ಚಿಪ್ಪನ್ನು ತೆಗೆದು ಎಸೆಯುವುದಿಲ್ಲ. ಕೆಲವರಿಗೆ ಅದರ ಹಿಂಬದಿಗೆ ಪ್ಲಾಸ್ಟಿಕ್ಕಿನ ಒಂದು ಗುಂಡಿಯನ್ನು ಕೂರಿಸುತ್ತಾರೆ, ಅಷ್ಟೆ. ನಿಜವಾದ ಕೆಲಸ ಇರುವುದು ತೊಡೆಮೂಳೆಯ ಕೆಳತುದಿಯಲ್ಲಿ ಮತ್ತು ಕಣಕಾಲಿನ ಮೂಳೆಯ ಮೇಲ್ತುದಿಯಲ್ಲಿ. ಅಲ್ಲಿ ಮೂಳೆಗೆ ಹೊದಿಕೆಯಾಗಿದ್ದ ನುಣುಪಾದ ಪದರ ಸವೆದುಹೋಗಿ ಮೂಳೆಗೆ ಮೂಳೆ ಉಜ್ಜುತ್ತಿರುತ್ತದೆ. ಎರಡೂ ತುದಿಗಳಿಂದ ಸುಮಾರು ಎಂಟು ಹತ್ತು ಮಿಲಿಮೀಟರಿನಷ್ಟು ಮೂಳೆಯನ್ನು ಅಳತೆಗೆ ಸರಿಯಾಗಿ ಕತ್ತರಿಸುತ್ತಾರೆ. ಮೇಲೆ ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆತ ಲೋಹದ ಟೊಪ್ಪಿ, ಕೆಳಗೆ ಲೋಹದ ತಟ್ಟೆ, ನಡುವೆ ಗಟ್ಟಿಯಾದ ಪ್ಲಾಸ್ಟಿಕ್ಕಿನ ಹಾಸು. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರಿಂದ ನನಗೆ ಪೂರ್ತಿ ಎಚ್ಚರ ತಪ್ಪಿರಲಿಲ್ಲ. ಮಂಪರಿನ ನಡುವೆ ಬಡಗಿಯ ಕೊಟ್ಟಿಗೆಯ ಸದ್ದು ಕೇಳಿಸುತ್ತಿತ್ತು. ಅದು ನನ್ನ ಮೂಳೆಯ ಸದ್ದು ಎಂದು ಹೊಳೆದದ್ದು ಮರುದಿನ.

ಇಷ್ಟು ಕೆಲಸವನ್ನು ಶಸ್ತ್ರವೈದ್ಯರು ಒಂದೆರಡು ಗಂಟೆಗಳಲ್ಲಿ ಮುಗಿಸುತ್ತಾರೆ. ಆಮೇಲಿನ ಕೆಲಸ ನಮ್ಮದು. ಕತ್ತರಿಸಿದ ಜಾಗದಲ್ಲಿ ಗಾಯ ಮಾಗುವಾಗ ಒಳಗೆ ಹೊಸ ಎಳೆಗಳು ಬೆಳೆಯುತ್ತವೆ. ಮೊದಲ ಕೆಲವು ವಾರಗಳಲ್ಲಿ ಮಂಡಿಯನ್ನು ಮಡಚಿ ಬಿಡಿಸದಿದ್ದರೆ ಆ ಎಳೆಗಳು ಬಿಗಿದು ಕೀಲು ಗಟ್ಟಿಯಾಗುತ್ತದೆ. ಆಗ ಮತ್ತೊಮ್ಮೆ ಅರಿವಳಿಕೆ ಕೊಟ್ಟು ವೈದ್ಯರೇ ಮಡಚಬೇಕಾದೀತು. ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿ ಸುಮಾರು 65ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಹತ್ತಲು 85ರ ಆಸುಪಾಸು ಬೇಕು, ಕುರ್ಚಿಯಿಂದ ಸಲೀಸಾಗಿ ಏಳಲು 90 ದಾಟಬೇಕು. ಗುಡ್ಡೆಯ ಬದಿಯಲ್ಲಿ ಮನೆ, ಕೆಳಗೆ ತೋಟ, ನಡುವೆ ಕೆಂಪುಕಲ್ಲಿನ ಮೆಟ್ಟಿಲುಗಳಿರುವ ನಮ್ಮಂಥವರಿಗೆ ಈ ಅಂಕಿಗಳು ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಡಚುವಾಗ ನೋವಾಗುತ್ತದೆ. ಆ ನೋವಿಗೆ ಮದ್ದು ಬಿದ್ದಿದ್ದರೆ ಮಡಚಬಹುದು, ಇಲ್ಲದಿದ್ದರೆ ಆಗುವುದಿಲ್ಲ. ಎಷ್ಟು ಮದ್ದು ಕೊಡಬೇಕೆಂದು ಆಸ್ಪತ್ರೆಯವರಿಗೆ ತಿಳಿಯುವುದು ನಮ್ಮ ಬಾಯಿಂದ.

ಈಗ ಆ ರಾತ್ರಿಗೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಆಯಿತು. ಮಂಗಳವಾರ ನನಗೆ ನೋವೇ ಇರಲಿಲ್ಲ. ವಾಕರ್ ಹಿಡಿಸಿ ಮಂಚದ ಪಕ್ಕ ನಿಲ್ಲಿಸಿದಾಗ ನಿಂತೆ. ನಾಲ್ಕು ಹೆಜ್ಜೆ ಹಾಕಿದೆ. ಊರಿನಿಂದ ಫೋನ್ ಮಾಡಿದವರಿಗೆಲ್ಲ "ಏನೂ ನೋವಿಲ್ಲ, ಸುಮ್ಮನೆ ಹೆದರಿದ್ದೆ" ಎಂದು ಹೇಳಿದೆ. ಇಲ್ಲಿ ಯಾರಾದರೂ ಈ ಶಸ್ತ್ರಚಿಕಿತ್ಸೆಗೆ ಹೋಗುವವರಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ. ಮೊದಲ ದಿನದ ಆ ನೆಮ್ಮದಿ ಬೆನ್ನಿಗೆ ಇಟ್ಟ ಸಣ್ಣ ಕೊಳವೆಯಿಂದ ಇಳಿಯುವ ಮದ್ದಿನದು, ಮಂಡಿಯ ಸುತ್ತ ಮೊದಲೇ ಚುಚ್ಚಿದ ಮದ್ದಿನದು. ಅದರ ಪ್ರಭಾವ ಇಳಿದ ಮೇಲೆ ನಿಜವಾದ ನೋವು ಬರುತ್ತದೆ. ಹಾಗೆ ಬಂದಾಗ ಏನೋ ಕೆಟ್ಟುಹೋಯಿತೆಂದು ಕಂಗಾಲಾಗಬೇಡಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಮಂಗಳವಾರದ ಉತ್ಸಾಹದಲ್ಲಿ ನಾನು ಕಿವಿಗೆ ಹಾಕಿಕೊಂಡಿರಲಾರೆ.

ಬುಧವಾರ ಬೆಳಿಗ್ಗೆ ಕೊಳವೆ ತೆಗೆದರು. ಸಂಜೆಯ ಹೊತ್ತಿಗೆ ಬಲಗಾಲಿನ ಮಂಡಿಯಲ್ಲಿ ಕಾದ ಕಬ್ಬಿಣ ಇಟ್ಟಂತೆ ಉರಿ, ಎಡಗಾಲಿನಲ್ಲಿ ಹಗ್ಗ ಬಿಗಿದು ಎಳೆದಂತೆ ಸೆಳೆತ. ಒಂದೇ ಮಂಡಿಗೆ ಚಿಕಿತ್ಸೆ ಆದವರಿಗೆ ಇನ್ನೊಂದು ಕಾಲಿನ ಆಸರೆ ಇರುತ್ತದೆ. ಮಗ್ಗುಲು ತಿರುಗಲು, ಮೇಲಕ್ಕೆ ಜರುಗಲು, ಬೆಡ್‌ಪ್ಯಾನ್ ಇಡುವಾಗ ಸೊಂಟ ಎತ್ತಲು ಆ ಕಾಲನ್ನು ಊರುತ್ತಾರೆ. ನನಗೆ ಊರಲು ಕಾಲೇ ಇರಲಿಲ್ಲ. ಎರಡು ಕೈಗಳು ಮತ್ತು ಬೆನ್ನು, ಇಷ್ಟರಲ್ಲಿ ಇಡೀ ದೇಹವನ್ನು ನಡೆಸಬೇಕು. ಶಸ್ತ್ರಚಿಕಿತ್ಸೆಗೆ ಒಂದು ತಿಂಗಳ ಮೊದಲಿನಿಂದಲೇ ತೋಳುಗಳಿಗೆ ವ್ಯಾಯಾಮ ಕೊಡಿ ಎಂದು ಎರಡೂ ಮಂಡಿ ಮಾಡಿಸುವವರಿಗೆ ನಾನು ಈಗ ಹೇಳುತ್ತಿರುತ್ತೇನೆ.

ರಾತ್ರಿ ಹತ್ತು ಗಂಟೆಗೆ ಸಿಸ್ಟರ್ ಬಂದರು. ಕಣ್ಣೂರಿನ ಕಡೆಯ ಹುಡುಗಿ, ಕನ್ನಡ ಕಲಿಯುತ್ತಿದ್ದಳು. "ಅಮ್ಮೇ, ವೇದನ ಉಂಡೋ? ಸೊನ್ನೆಯಿಂದ ಹತ್ತರೊಳಗೆ ಎಷ್ಟು?" ಎಂದು ಕೇಳಿದಳು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಊಹಿಸಬಲ್ಲ ನೋವಿನ ತುತ್ತತುದಿ. ನನ್ನದು ಎಂಟು ಇತ್ತು. ನಾನು "ಮೂರು" ಎಂದೆ.

ಯಾಕೆ ಹಾಗೆಂದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಪಕ್ಕದ ಬೆಂಚಿನಲ್ಲಿ ನನ್ನ ಸೊಸೆ ಎರಡು ರಾತ್ರಿಗಳ ನಿದ್ರೆಗೆಟ್ಟು ಆಗಷ್ಟೇ ಕಣ್ಣು ಮುಚ್ಚಿದ್ದಳು. ಅವಳನ್ನು ಎಬ್ಬಿಸಬಾರದೆಂಬುದು ಒಂದು ಕಾರಣ. ಮಂಗಳವಾರ ಊರಿಗೆಲ್ಲ ನೋವಿಲ್ಲವೆಂದು ಹೇಳಿದವಳು ಬುಧವಾರ ಅಳುವುದು ಹೇಗೆ ಎಂಬ ಸಂಕೋಚ ಇನ್ನೊಂದು. ಇವೆರಡಕ್ಕಿಂತ ಆಳದಲ್ಲಿ ಇದ್ದದ್ದು ಬೇರೆ. ಸಹಿಸಿಕೊಳ್ಳುವವಳು ಒಳ್ಳೆಯವಳು ಎಂದು ಕೇಳುತ್ತ ಬೆಳೆದವಳು ನಾನು. ಎಂಟು ಎಂದು ಹೇಳಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿರಲಿಲ್ಲ ಎಂದು ನನ್ನೊಳಗಿನ ಯಾರೋ ನಂಬಿದ್ದರು.

ಸಿಸ್ಟರ್ ಮೂರು ಎಂದು ಬರೆದುಕೊಂಡಳು. ಮೂರಕ್ಕೆ ಕೊಡುವ ಮದ್ದು ಕೊಟ್ಟಳು. ಅವಳದು ಯಾವ ತಪ್ಪೂ ಇಲ್ಲ. ಆ ರಾತ್ರಿ ನಾನು ಮೇಲಿನ ಪಂಖದ ರೆಕ್ಕೆ ಎಣಿಸುತ್ತ ಬೆಳಗು ಮಾಡಿದೆ. ಬೆಳಿಗ್ಗೆ ಫಿಸಿಯೋಥೆರಪಿಸ್ಟ್ ಬಂದು ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಮಡಚಲು ಹೇಳಿದರೆ ಕಾಲು ಮರದ ಕೊರಡಿನಂತೆ ಬಿದ್ದಿತ್ತು. ಬೆವರು ಇಳಿಯುತ್ತಿತ್ತು, ರಕ್ತದೊತ್ತಡ ಏರಿತ್ತು. ಆಕೆ ಚಾರ್ಟ್ ನೋಡಿ, ನನ್ನ ಮುಖ ನೋಡಿ, "ಮೂರು ನೋವಿದ್ದವರ ಕಾಲು ಹೀಗಿರುವುದಿಲ್ಲ ಅಮ್ಮಾ" ಎಂದು ಮೆಲ್ಲಗೆ ಹೇಳಿದರು. ಅಂದು ವ್ಯಾಯಾಮ ಆಗಲಿಲ್ಲ, ನಡಿಗೆಯೂ ಆಗಲಿಲ್ಲ. ಹಿಂದಿನ ದಿನ ಬಲಗಾಲು 70 ಡಿಗ್ರಿಯವರೆಗೆ ಬಂದಿತ್ತು. ಮರುದಿನ ಅಳೆದಾಗ 55.

ನಮ್ಮ ಅಮ್ಮನ ವಿಷಯವನ್ನು ಇಲ್ಲಿ ಹೇಳಬೇಕು. ಅವರಿಗೆ ಮಂಡಿನೋವು ಇತ್ತೆಂದು ನನಗೆ ಅವರು ಬದುಕಿರುವಾಗ ತಿಳಿಯಲಿಲ್ಲ. ತೋಟದಿಂದ ಹುಲ್ಲಿನ ಹೊರೆ ಹೊತ್ತು ಮೇಲೆ ಬರುವಾಗ ಎರಡನೆಯ ತಿರುವಿನಲ್ಲಿ ಒಂದು ಕಲ್ಲಿನ ಮೇಲೆ ಕುಳಿತು ಆಕಾಶ ನೋಡುತ್ತಿದ್ದರು. "ಮಳೆ ಬರುತ್ತದೋ ಎಂದು ನೋಡುತ್ತಿದ್ದೇನೆ" ಎನ್ನುತ್ತಿದ್ದರು. ಬೇಸಿಗೆಯಲ್ಲೂ ಹಾಗೆಯೇ ನೋಡುತ್ತಿದ್ದರು. ಹೆರೆಮಣೆಯ ಮುಂದಿನಿಂದ ಏಳುವಾಗ ಒಂದು ಕೈ ಗೋಡೆಗೆ, ಇನ್ನೊಂದು ನನ್ನ ಹೆಗಲಿಗೆ. ಆ ಕೈಯ ಭಾರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತೆಂದು ಈಗ ನೆನಪಾಗುತ್ತದೆ. ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ, ಬಾವಿಯಿಂದ ನೀರು ಸೇದಿದ, ಮಳೆಗಾಲದ ಪಾಚಿಯಲ್ಲಿ ಮೆಟ್ಟಿಲಿಳಿದ ನಮ್ಮ ಕಡೆಯ ಹೆಂಗಸರಲ್ಲಿ ಎಷ್ಟು ಮಂದಿ ಹೀಗೆ ಆಕಾಶ ನೋಡಿದ್ದಾರೋ. ಅಮ್ಮ ಹೇಳಲಿಲ್ಲ, ಸರಿ. ಪಕ್ಕದಲ್ಲೇ ಇದ್ದ ನಾನು ಕೇಳಲೂ ಇಲ್ಲ. ಇದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಗುರುವಾರಕ್ಕೆ ಮರಳುತ್ತೇನೆ. ನನ್ನ ಕೋಣೆಯಲ್ಲಿ ಇನ್ನೊಂದು ಮಂಚವಿತ್ತು. ಅದರಲ್ಲಿದ್ದವರು ಮಂಜೇಶ್ವರದ ಕಡೆಯ ಒಬ್ಬ ಅಕ್ಕ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. 40 ವರ್ಷ ಬೀಡಿ ಕಟ್ಟಿದವರು. ತೊಡೆಯ ಮೇಲೆ ಮೊರ ಇಟ್ಟುಕೊಂಡು ನೆಲದಲ್ಲಿ ಕಾಲು ಮಡಚಿ ಕುಳಿತೇ ಮಂಡಿ ಸವೆದದ್ದು. ಅವರಿಗೆ ನನಗಿಂತ ಎರಡು ದಿನ ಮೊದಲು ಎರಡೂ ಕಾಲಿಗೆ ಚಿಕಿತ್ಸೆ ಆಗಿತ್ತು. ಮನೆಮಾತು ತುಳು. ಸಿಸ್ಟರ್ ಹತ್ತರೊಳಗೆ ಎಷ್ಟು ಎಂದು ಕೇಳಿದಾಗಲೆಲ್ಲ ಅವರು "ಆರುನೂರು", "ಏಳುನೂರು" ಎನ್ನುತ್ತಿದ್ದರು. ಮೊದಲಿಗೆ ಯಾರಿಗೂ ಅರ್ಥವಾಗಿರಲಿಲ್ಲವಂತೆ. ಅರ್ಥಮಾಡಿಕೊಂಡವಳು ಆ ಕಣ್ಣೂರಿನ ಹುಡುಗಿ. ಅವಳ ತಾಯಿಯೂ ಬೀಡಿ ಕಟ್ಟಿದವರು. ದಿನಕ್ಕೆ ಸಾವಿರ ಬೀಡಿ ಎಂದರೆ ಕಟ್ಟುವವರ ಕೈಕಾಲಿಗೆ ಅದೇ ಮೇರೆ. ಸಾವಿರ ಕಟ್ಟಿದ ರಾತ್ರಿ ಬರುವ ನೋವು ಆ ಅಕ್ಕನಿಗೆ ಗೊತ್ತಿದ್ದ ನೋವುಗಳಲ್ಲಿ ಅತಿ ದೊಡ್ಡದು. ಹುಡುಗಿ ನೂರರಿಂದ ಭಾಗಿಸಿ ಚಾರ್ಟಿನಲ್ಲಿ ಆರು, ಏಳು ಎಂದು ಬರೆಯುತ್ತಿದ್ದಳು.

ನನ್ನ ಬೆಳಗಿನ ಅವಸ್ಥೆಯನ್ನೆಲ್ಲ ಆ ಅಕ್ಕ ನೋಡಿದ್ದರು. ಗಂಜಿ ಕುಡಿದಾದ ಮೇಲೆ ನನ್ನ ಕಡೆ ತಿರುಗಿ ತುಳುವಿನಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಹೇಳುತ್ತೇನೆ: "ಟೀಚರೇ, ಬ್ರಾಂಚಿನಲ್ಲಿ ಬೀಡಿ ಕಡಿಮೆ ಎಣಿಸಿದರೆ ಮಜೂರಿ ಕಡಿಮೆಯಾಗುವುದು ನಮಗೆ. ನೀವು ನಿಮ್ಮ ಲೆಕ್ಕವನ್ನು ನೀವೇ ಯಾಕೆ ಕಡಿಮೆ ಮಾಡಿದಿರಿ?"

ಆ ಮಧ್ಯಾಹ್ನ ಸಿಸ್ಟರ್ ಬಂದಾಗ "ಬಲಗಾಲು ಎಂಟು, ಎಡಗಾಲು ಆರು" ಎಂದೆ. ಹೇಳುವಾಗ ನಾಲಿಗೆ ತಡವರಿಸಿತು. ವೈದ್ಯರಿಗೆ ಫೋನ್ ಹೋಯಿತು, ಮದ್ದು ಬದಲಾಯಿತು. ಅಂದು ರಾತ್ರಿ ಐದು ಗಂಟೆ ನಿದ್ರೆ ಮಾಡಿದೆ.

ಅಂಕಿಯ ಜೊತೆಗೆ ಪದವೂ ಬೇಕು ಎಂಬುದನ್ನು ಕಲಿತದ್ದು ಆ ಮೇಲಿನ ದಿನಗಳಲ್ಲಿ. "ಉರಿಯೋ, ಸೆಳೆತವೋ?" ಎಂದು ವೈದ್ಯರು ಕೇಳಿದರು. ನೋವೆಂದರೆ ನೋವು, ಅದರಲ್ಲಿ ಇದೇನು ವಿಂಗಡಣೆ ಎಂದು ಅನ್ನಿಸಿತು. ಆದರೆ ಕತ್ತರಿಸಿದ ಮಾಂಸಖಂಡದ ನೋವು ಒಂದು ಬಗೆ. ನರದ ನೋವು ಇನ್ನೊಂದು ಬಗೆ, ಅದು ಉರಿಯುತ್ತದೆ, ಕರೆಂಟು ಹೊಡೆದಂತೆ ಮಿಂಚುತ್ತದೆ, ಇರುವೆ ಹರಿದಂತೆ ಜುಮುಗುಡುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ನನ್ನ ಬಲಗಾಲಿನ ಉರಿಗೆ ಹಿಂದಿನ ಮದ್ದು ಸಾಲದೇ ಹೋದದ್ದಕ್ಕೆ ಅದೂ ಒಂದು ಕಾರಣ. ಮನೆಗೆ ಬಂದ ಮೇಲೆ ಈ ಬಗ್ಗೆ ಓದಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ರೋಗಿಗಳಿಗಾಗಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು 20 ಗುಂಪುಗಳಾಗಿ ಜೋಡಿಸಿದ್ದಾರೆ. ಓದುತ್ತಿದ್ದಂತೆ ನಾನು ಪೆನ್ನು ತೆಗೆದುಕೊಂಡು ನಮ್ಮ ಪದಗಳನ್ನು ಬರೆಯತೊಡಗಿದೆ. ಉರಿ, ಸೆಳೆತ, ಸಿಡಿತ, ಬಿಗಿತ, ಹಿಡಿತ, ಚುಚ್ಚು, ಜೋಮು, ಮರಗಟ್ಟುವುದು, ಕಿತ್ತು ತಿನ್ನುವುದು, ಒಳಗೊಳಗೆ ಕೊರೆಯುವುದು, ಹಿಂಡುವುದು. ತುಳುವಿನ ಬೇನೆ. ಮಲಯಾಳದ ಕಡಚ್ಚಿಲ್, ತರಿಪ್ಪು. ನಾಲ್ಕು ಭಾಷೆ ಮಾತನಾಡುವ ಕಾಸರಗೋಡಿನವರಿಗೆ ಪದಗಳ ಬಡತನವಿಲ್ಲ. ನಾವು ಅವುಗಳನ್ನು ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗುತ್ತೇವೆ. ಒಳಗೆ ಹೋದ ಮೇಲೆ "ಸ್ವಲ್ಪ ನೋವು" ಎಂಬ ಎರಡೇ ಪದ. ಯಾವ ಭಾಷೆಯಲ್ಲಿ ಬರುತ್ತದೋ ಆ ಭಾಷೆಯಲ್ಲಿ ಹೇಳಿ. ತಿಳಿಯದಿದ್ದರೆ ಅವರು ಇನ್ನೊಬ್ಬರನ್ನು ಕರೆದು ಕೇಳುತ್ತಾರೆ.

ಮಾತು ಹೊರಡದವರಿಗೆ ಚಿತ್ರವಿದೆ. ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಆರು ಮುಖಗಳಿರುವ ಹಾಳೆಯನ್ನು ನೀವು ಆಸ್ಪತ್ರೆಯ ಗೋಡೆಯಲ್ಲಿ ನೋಡಿರಬಹುದು. ಅದನ್ನು 1980ರ ದಶಕದಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಡೋನಾ ವಾಂಗ್ ಮತ್ತು ಕೋನಿ ಬೇಕರ್ ಎಂಬ ಇಬ್ಬರು ರೂಪಿಸಿದ್ದು ಸುಟ್ಟಗಾಯಗಳಿಂದ ನರಳುತ್ತಿದ್ದ ಮಕ್ಕಳಿಗಾಗಿ. ಎಷ್ಟು ಎಂದು ಹೇಳಲಾರದ ಮಗು ಮುಖವನ್ನು ತೋರಿಸುತ್ತದೆ. ಒಂದನೆಯ ತರಗತಿಯ ಮಕ್ಕಳೊಡನೆ ಅಷ್ಟು ವರ್ಷ ಕಳೆದ ನನಗೆ ಆ ಹಾಳೆ ಬಹಳ ಹಿಡಿಸಿತು.

ನೋವನ್ನು ಕೇಳಿಸಿಕೊಳ್ಳುವ ವಿಷಯದಲ್ಲಿ ನಾವಿರುವ ಈ ರಾಜ್ಯಕ್ಕೊಂದು ಹೆಮ್ಮೆಯ ಕಥೆಯಿದೆ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಜೊತೆಗಾರರು ಗುಣವಾಗದ ಕಾಯಿಲೆಯವರ ನೋವನ್ನು ತಗ್ಗಿಸಲೆಂದೇ ಒಂದು ಸಂಸ್ಥೆ ಕಟ್ಟಿದರು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ಒಂದು ನೀತಿಯನ್ನೇ ರೂಪಿಸಿತು. ಇಂದು ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್, ಎಂದರೆ ಇಂಥವರ ಆರೈಕೆಯ ದಾದಿ, ಚೀಲ ಹೆಗಲಿಗೇರಿಸಿ ಮನೆಮನೆಗೆ ಬರುವುದನ್ನು ನಾವೆಲ್ಲ ನೋಡುತ್ತೇವೆ. ನನ್ನ ಮಂಡಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ಹಾಸಿಗೆ ಹಿಡಿದವರ ಮನೆಯಂಗಳಕ್ಕೆ ಬಂದು "ಎಷ್ಟು ನೋವಿದೆ" ಎಂದು ಕೇಳುವ ಪದ್ಧತಿ ಬೆಳೆದ ನೆಲದಲ್ಲಿದ್ದುಕೊಂಡು, ಕೇಳಿದಾಗ ನಾವು ಮುಚ್ಚಿಡುವುದು ನನಗೆ ಸರಿಕಾಣುವುದಿಲ್ಲ.

ಇನ್ನು ಆಸ್ಪತ್ರೆಯಲ್ಲಿ ದಿನ ಕಳೆಯುವವರಿಗೆ ಕೆಲವು ಮಾತುಗಳು. ಅಂಕಿ ಎರಡು ಬೇಕು: ಸುಮ್ಮನೆ ಮಲಗಿರುವಾಗಿನದು ಮತ್ತು ಕಾಲು ಅಲುಗಿಸುವಾಗಿನದು. ಮಲಗಿರುವಾಗ ಎರಡು ಇರುವ ನೋವು ಮಡಚುವಾಗ ಏಳಕ್ಕೆ ಏರಬಹುದು. ಎರಡನ್ನೇ ಹೇಳಿದರೆ ಮತ್ತೆ ನನ್ನ ಬುಧವಾರದ ಕಥೆಯೇ. ವ್ಯಾಯಾಮ ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿಕೊಂಡು, ನೋವಿನ ಮಾತ್ರೆಯನ್ನು ಅದಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಕೊಡಬಹುದೇ ಎಂದು ಸಿಸ್ಟರ್ ಅವರನ್ನು ವಿಚಾರಿಸಿ. ನೋವು ತಲೆಗೇರಿದ ಮೇಲೆ ಅದನ್ನು ಇಳಿಸಲು ಹೆಚ್ಚು ಮದ್ದು ಬೇಕಾಗುತ್ತದೆ. ಮಾತ್ರೆ ತಿಂದರೆ ಚಟವಾಗುತ್ತದೆಂದು ಕೆಲವರು ಹೆದರಿಸುತ್ತಾರೆ. ವೈದ್ಯರು ಹೇಳಿದ ಅಳತೆಯಲ್ಲಿ ಕೆಲವು ದಿನ ತೆಗೆದುಕೊಂಡು ಅವರು ಹೇಳಿದಂತೆ ಕಡಿಮೆ ಮಾಡುತ್ತ ಬಂದರೆ ಹೆದರಬೇಕಾಗಿಲ್ಲ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇದ್ದರೆ ಮೊದಲೇ ತಿಳಿಸಬೇಕು. ಕೆಲವು ಮಾತ್ರೆಗಳು ಅಂಥವರಿಗೆ ಆಗುವುದಿಲ್ಲ. ಬಲವಾದ ನೋವಿನ ಮದ್ದು ಮಲಬದ್ಧತೆ ತರುತ್ತದೆ. ನಾಲ್ಕು ದಿನ ಹೊಟ್ಟೆ ಹೋಗದೆ ನಾನು ಪಟ್ಟ ಸಂಕಟ ಮಂಡಿಯದಕ್ಕಿಂತ ಕಡಿಮೆಯಿರಲಿಲ್ಲ. ನಾಚಿಕೆಯಿಂದ ಅದನ್ನೂ ಹೇಳಿರಲಿಲ್ಲ.

ಮಂಡಿಯ ಕೆಳಗೆ ದಿಂಬು ಇಡಬೇಡಿ. ಇಟ್ಟರೆ ಹಾಯೆನಿಸುತ್ತದೆ, ನಿಜ. ಆದರೆ ಕಾಲು ಅರ್ಧ ಮಡಚಿದ ಸ್ಥಿತಿಯಲ್ಲೇ ಬಿಗಿದುಕೊಂಡು ಆಮೇಲೆ ಪೂರ್ತಿ ನೆಟ್ಟಗಾಗುವುದಿಲ್ಲ. ದಿಂಬು ಬೇಕಿದ್ದರೆ ಹಿಮ್ಮಡಿಯ ಕೆಳಗೆ. ಪಾದವನ್ನು ಮೇಲಕ್ಕೆ ಕೆಳಕ್ಕೆ ಆಡಿಸುವ ಸಣ್ಣ ವ್ಯಾಯಾಮವನ್ನು ಎಚ್ಚರವಿದ್ದಾಗಲೆಲ್ಲ ಮಾಡುತ್ತಿರಿ. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದು ಕಾಯುತ್ತದೆ. ರಕ್ತ ತೆಳುವಾಗಿಸಲು ಹೊಟ್ಟೆಯ ಚರ್ಮಕ್ಕೆ ಕೊಡುವ ಚುಚ್ಚುಮದ್ದೂ ಅದಕ್ಕಾಗಿಯೇ.

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಬೈಸ್ಟ್ಯಾಂಡರ್ ಎಂದು ಕರೆಯುತ್ತಾರಲ್ಲ, ರೋಗಿಯ ಜೊತೆ ನಿಲ್ಲುವವರು, ಅವರಿಗೂ ಒಂದು ಮಾತು. ಫ್ಲಾಸ್ಕ್ ತುಂಬಿಸುವುದು, ಬಿಲ್ ಕಟ್ಟುವುದು, ಕ್ಯಾಂಟೀನಿನಿಂದ ಗಂಜಿ ತರುವುದು ಮಾತ್ರ ನಿಮ್ಮ ಕೆಲಸವಲ್ಲ. ರೋಗಿಯ ಮುಖವನ್ನು ನಿಮ್ಮಷ್ಟು ಬಲ್ಲವರು ಆ ಕಟ್ಟಡದಲ್ಲಿ ಬೇರೆ ಯಾರೂ ಇಲ್ಲ. ಅವರು ಮೂರು ಎಂದಾಗ ಹುಬ್ಬು ಗಂಟಿಕ್ಕಿದ್ದರೆ ಸಿಸ್ಟರಿಗೆ ಹೇಳಿ. ವಯಸ್ಸಾದ ಕೆಲವರಿಗೆ ಶಸ್ತ್ರಚಿಕಿತ್ಸೆಯ ಮರುದಿನಗಳಲ್ಲಿ ಮತಿಭ್ರಮೆಯಾದಂತೆ ಆಗುವುದುಂಟು. ರಾತ್ರಿ ಹೊತ್ತು ಇದು ಯಾವ ಊರು ಎಂದು ಕೇಳುತ್ತಾರೆ, ಎದ್ದು ತೋಟಕ್ಕೆ ಹೋಗಬೇಕೆನ್ನುತ್ತಾರೆ, ಕೊಳವೆ ಕೀಳುತ್ತಾರೆ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ, ಆದರೆ ಕೂಡಲೇ ತಿಳಿಸಬೇಕು. ಅಂಥವರಿಗೆ ಅವರ ಕನ್ನಡಕವನ್ನು, ಶ್ರವಣಯಂತ್ರವಿದ್ದರೆ ಅದನ್ನು ಕೈಗೆಟಕುವಂತೆ ಇಡಿ, ಹಗಲು ಕಿಟಕಿಯ ಪರದೆ ತೆರೆದಿಡಿ, ಮನೆಮಾತಿನಲ್ಲಿ ಮಾತನಾಡಿಸಿ.

ಗಡಿಯಾರ ನೋಡದೆ ಹೇಳಬೇಕಾದ ನೋವುಗಳೂ ಇವೆ. ಮೀನಖಂಡ ಒಂದೇ ಕಾಲಿನಲ್ಲಿ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಚಳಿಜ್ವರ, ಹೊಲಿಗೆಯಿಂದ ಕೀವು ಒಸರುವುದು, ಇಳಿಯುತ್ತ ಬಂದ ನೋವು ಕಾರಣವಿಲ್ಲದೆ ಮತ್ತೆ ಏರುವುದು. ಮನೆಗೆ ಬಂದ ಮೇಲೂ ಇವಕ್ಕೆ ಕಾಯುವಂತಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾದ ಕಾರಣ ಕರ್ನಾಟಕದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಈ ಗಡಿಯ ರೋಗಿಗಳು ಏನೇನು ಅನುಭವಿಸಿದರೆಂದು ನಮಗೆ ಗೊತ್ತಿದೆ. ನನ್ನ ಚಿಕಿತ್ಸೆ ಮುಂದಕ್ಕೆ ಹೋದದ್ದೂ ಆಗಲೇ. ಆದ್ದರಿಂದ ದೊಡ್ಡ ಆಸ್ಪತ್ರೆ ಮಂಗಳೂರಿನಲ್ಲಿದ್ದರೂ, ಹೊತ್ತಲ್ಲದ ಹೊತ್ತಿನಲ್ಲಿ ಓಡಲು ಹತ್ತಿರದ ಒಬ್ಬ ವೈದ್ಯರ ಬಳಿ ನಿಮ್ಮ ಬಿಡುಗಡೆ ಪತ್ರದ ಒಂದು ಪ್ರತಿ ಇರಲಿ.

ಮುಂದಿನ ಸೋಮವಾರ ನನ್ನನ್ನು ಮನೆಗೆ ಕಳುಹಿಸಿದರು. ಬಲಗಾಲು 85, ಎಡಗಾಲು 95. ಮನೆಯ ಜಗಲಿಗೆ ಮೂರು ಮೆಟ್ಟಿಲು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಚಿಕಿತ್ಸೆಯಾದ ಕಾಲು ಮೊದಲು ಎಂದು ಎಲ್ಲರಿಗೂ ಹೇಳಿಕೊಡುತ್ತಾರೆ. ಎರಡೂ ಚಿಕಿತ್ಸೆಯಾದ ಕಾಲುಗಳೇ ಆದಾಗ ಹೆಚ್ಚು ಮಡಚುವ, ಹೆಚ್ಚು ಬಲವಿರುವ ಕಾಲನ್ನು ಒಳ್ಳೆಯದೆಂದು ಇಟ್ಟುಕೊಳ್ಳಬೇಕು. ನಾನು ಎಡಗಾಲನ್ನು ಮೊದಲು ಎತ್ತಿದೆ. ಎರಡನೆಯ ಮೆಟ್ಟಿಲಲ್ಲಿ ನಿಂತು "ಏಳು" ಎಂದೆ. ಸೊಸೆ ಏನೂ ಕೇಳದೆ ಒಳಗಿನಿಂದ ಕುರ್ಚಿ ತಂದು ಜಗಲಿಯ ಅಂಚಿನಲ್ಲಿ ಇಟ್ಟಳು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವುಗಳಿಗೆ ಹೇಳಿದ್ದನ್ನೂ ಇಲ್ಲಿ ಸೇರಿಸುತ್ತೇನೆ.

ಎರಡನ್ನೂ ಒಟ್ಟಿಗೆ ಮಾಡಿಸಬೇಕೇ ಎಂದು ಒಬ್ಬರು ಕೇಳಿದರು. ಒಟ್ಟಿಗಾದರೆ ಅರಿವಳಿಕೆ ಒಂದೇ ಸಲ, ಆಸ್ಪತ್ರೆ ವಾಸವೂ ಒಂದೇ ಸಲ. ಆದರೆ ರಕ್ತ ಹೆಚ್ಚು ಹೋಗುತ್ತದೆ, ಹೃದಯಕ್ಕೂ ಶ್ವಾಸಕೋಶಕ್ಕೂ ಹೊರೆ ಹೆಚ್ಚು. ನನ್ನ ಹೃದಯವನ್ನು ಪರೀಕ್ಷಿಸಿದ ಮೇಲೆಯೇ ವೈದ್ಯರು ಒಪ್ಪಿದರು. ಇದು ನೆರೆಮನೆಯವರನ್ನು ನೋಡಿ ತೀರ್ಮಾನಿಸುವ ಸಂಗತಿಯಲ್ಲ.

ಖರ್ಚಿನ ಬಗ್ಗೆಯೂ ಪ್ರಶ್ನೆ ಬಂತು. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಸರಾಸರಿ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದ ಸಾಮಾನ್ಯ ಬಗೆಯದು ಅಂದು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆಯಾಗಿ ತೋರಿಸಲು ಕೇಳಿ.

ತಾಳಮದ್ದಳೆಗೆ ತಪ್ಪದೆ ಹೋಗುವ ಹಿರಿಯರೊಬ್ಬರಿಗೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬಹುದೇ ಎಂದು ತಿಳಿಯಬೇಕಿತ್ತು. ಕೂರದಿರುವುದೇ ಒಳ್ಳೆಯದೆಂದು ನನ್ನ ವೈದ್ಯರು ಹೇಳಿದ್ದಾರೆ. ಪಂಕ್ತಿ ಊಟಕ್ಕೂ ಶೌಚಾಲಯಕ್ಕೂ ಇದೇ ಮಾತು. ಮೊದಮೊದಲು ಎಲ್ಲರೂ ಕೆಳಗೆ ಕುಳಿತಲ್ಲಿ ನಾನೊಬ್ಬಳೇ ಮೇಲೆ ಕೂರುವುದು ಕಷ್ಟವೆನಿಸುತ್ತಿತ್ತು. ಈಗ ಕುರ್ಚಿ ಕೊಡಿ ಎಂದು ಕೇಳಿ ಪಡೆಯುತ್ತೇನೆ.

ನೋವು ಪೂರ್ತಿ ಹೋಗುತ್ತದೆಯೇ ಎಂಬುದು ಕೊನೆಯ ಪ್ರಶ್ನೆ. ಹೆಚ್ಚಿನವರಿಗೆ ಮೂರು ತಿಂಗಳಲ್ಲಿ ಬಹುಪಾಲು ಹೋಗುತ್ತದೆ. ಮಂಡಿಯ ಬಿಸಿ, ಬಾವು ಆರು ತಿಂಗಳು, ಕೆಲವರಿಗೆ ವರ್ಷ ಹಿಡಿಯುತ್ತದೆ. ಹೊಲಿಗೆಯ ಹೊರಬದಿಯಲ್ಲಿ ಅಂಗೈಯಗಲದ ಜಾಗ ಜೋಮು ಹಿಡಿದಂತೆ ಉಳಿಯಬಹುದು. ಸಣ್ಣದೊಂದು ನರ ಕತ್ತರಿಸಿಹೋಗುವುದರಿಂದ ಹಾಗಾಗುತ್ತದೆ. ಹತ್ತು ಮಂದಿಯಲ್ಲಿ ಒಬ್ಬಿಬ್ಬರಿಗೆ ನೋವು ಉಳಿದುಬಿಡುವುದೂ ಉಂಟು. ಇದನ್ನು ಮುಚ್ಚಿಟ್ಟು ಧೈರ್ಯ ಹೇಳಲು ನನಗೆ ಮನಸ್ಸಿಲ್ಲ.

ಮಂಜೇಶ್ವರದ ಅಕ್ಕ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ನಿನ್ನೆಯೂ ಮಾಡಿದ್ದರು. ಅವರದು ನೂರೈವತ್ತಕ್ಕೆ ಇಳಿದಿದೆಯಂತೆ, ಮಳೆ ಬಂದ ದಿನ ಮಾತ್ರ ಮುನ್ನೂರು. "ನಿಮ್ಮದೆಷ್ಟು ಟೀಚರೇ?" ಎಂದು ಕೇಳಿದರು. ಎಡಗಾಲು ಒಂದು, ಬಲಗಾಲು ಎರಡು, ಸಂಜೆ ತೋಟದ ಮೆಟ್ಟಿಲು ಇಳಿಯುವಾಗ ಮೂರು ಎಂದೆ. "ಸರಿಯಾಗಿ ಎಣಿಸಿದ್ದೀರಿ ತಾನೇ?" ಎಂದರು. ಎಣಿಸಿದ್ದೆ.